ಸುಂಕದವನ ಮುಂದೆ

ಮಾರ್ಚ್ 3

ತಂಗಿಗೆ,

ಕಾಗದ ಬರೆದು ಎಷ್ಟೋ ಕಾಲವಾಯಿತು. ಅಕ್ಷರ ಕೋಳಿ ಕೆದರಿದ ಹಾಗೆ ಬಂದಿದ್ದರೆ ನಗಬೇಡ. ನಿನ್ನ ಫೋನು ಕಂಪನಿಯದು, ಅದರಲ್ಲಿ ಆಡಿದ್ದೆಲ್ಲ ಯಂತ್ರದ ಕಿವಿಗೆ ಬೀಳುತ್ತದೆ, ನೀವು ಅಲ್ಲಿ ಕಟ್ಟುವ ಆಟದ ವಿಷಯ ಮಾತ್ರ ಅದರಲ್ಲಿ ಎತ್ತಬೇಡ ಎಂದು ನೀನೇ ಹೇಳಿದ್ದೆ. ಹಾಗಾಗಿ ಅಂಚೆಯವನನ್ನು ನಂಬಿ ಬರೆಯುತ್ತಿದ್ದೇನೆ.

ಪಿಟೀಲು ಇನ್ನೂ ಮಾತಾಡುತ್ತಿಲ್ಲ. ಹುಟ್ಟಿದಾಗಿನಿಂದ ಬಾಯಿ ಮುಚ್ಚದೆ ಕೊಯ್ಯುತ್ತಾಳೆಂದು ನಿನ್ನ ಭಾವ ಮಗಳಿಗೆ ಇಟ್ಟ ಹೆಸರು ಅದು. ಈಗ ಆ ಹೆಸರು ಹಿಡಿದು ಕರೆಯಲು ನನಗೇ ನಾಲಿಗೆ ಏಳುವುದಿಲ್ಲ. ಅವರು ತೀರಿಕೊಂಡ ದಿನ ಅವಳ ಬಾಯಿಗೆ ಬಿದ್ದ ಬೀಗ ಇಂದಿಗೂ ತೆರೆದಿಲ್ಲ. ಡಾಕ್ಟರು ಟಾರ್ಚು ಹಾಕಿ ಗಂಟಲು ನೋಡಿದರು, ಏನೂ ತೊಂದರೆಯಿಲ್ಲ, ತಾನಾಗಿ ಆಡುತ್ತಾಳೆ ಬಿಡಿ ಎಂದರು. ಬಿಡುವುದು ಅವರಿಗೆ ಸುಲಭ. ಸ್ಕೂಲಿಗೆ ಹೋಗುತ್ತಾಳೆ, ಬರುತ್ತಾಳೆ, ತಲೆ ಆಡಿಸುತ್ತಾಳೆ. ತಟ್ಟೆಯನ್ನು ಕೋಣೆಗೇ ಒಯ್ಯುತ್ತಾಳೆ. ಇನ್ನೊಂದು ಹೊಸ ಹಟ, ಮನೆಯ ಒಂದು ಕಿಟಕಿಯನ್ನೂ ಮುಚ್ಚಲು ಬಿಡುವುದಿಲ್ಲ. ಗಾಳಿ ಬರಲಿ, ಧೂಳು ಬರಲಿ, ತೆರೆದೇ ಇರಬೇಕು. ನಾನು ಹಲ್ಲು ಕಟ್ಟುವವಳು, ಮೇಣದ ಮೇಲೆ ಒಂದು ಕಣ ಧೂಳು ಕೂತರೂ ಸೆಟ್ಟು ಕೆಟ್ಟಂತೆಯೇ. ಹೇಳಿದರೆ ಸುಮ್ಮನೆ ನನ್ನ ಮುಖ ನೋಡುತ್ತಾಳೆ. ಮುಚ್ಚಿದರೆ ಎದ್ದು ಬಂದು ತೆರೆಯುತ್ತಾಳೆ.

ಆದರೆ ಅವಳು ಮೂಕಿಯಲ್ಲ. ಸಂಜೆ ಆ ಹೆಡ್‌ಸೆಟ್ಟನ್ನು ಕಣ್ಣಿಗೆ ಕಟ್ಟಿಕೊಂಡು ಕೂತರೆ ಮಾತಾಡುತ್ತಾಳೆ. ಬಾಗಿಲ ಆಚೆ ನಿಂತರೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಯಾರ ಹತ್ತಿರ ಎಂದು ಚೀಟಿಯಲ್ಲಿ ಬರೆದು ಕೇಳಿದೆ. "ಸುಂಕದವನ ಹತ್ತಿರ" ಎಂದು ಬರೆದಳು. ಆಟದೊಳಗೆ ನೀನು ಹುಟ್ಟಿಸಿದ ಸುಂಕದವ. ಹೆತ್ತ ತಾಯಿಗೆ ಇಲ್ಲದ ಮಾತು ನಿನ್ನ ಗೊಂಬೆಗೆ ಇದೆ. ನನಗೆ ಹೊಟ್ಟೆ ಉರಿಯುತ್ತದೆ, ಮುಚ್ಚಿಡುವುದೇಕೆ.

ನನಗೆ ಬೇಕಾದ್ದು ಒಂದೇ ಒಂದು. ಆ ದಿನ ನಾನು ಔಷಧಿ ತರಲು ಕೆಳಗಿಳಿದಿದ್ದೆ. ಅಂಗಡಿಯಲ್ಲಿ ಸಾಲು ಇತ್ತು. ವಾಪಸು ಬಂದರೆ ಆಸ್ಪತ್ರೆಯ ಲಿಫ್ಟು ಕೆಟ್ಟಿತ್ತು. ಜೀವಮಾನವೆಲ್ಲ ಲಿಫ್ಟು ರಿಪೇರಿ ಮಾಡಿದವನ ಹೆಂಡತಿ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹತ್ತಿರ ಇದ್ದವಳು ಇವಳೊಬ್ಬಳೇ. "ಅಪ್ಪ ಏನಾದ್ರೂ ಅಂದ್ರಾ?" ಎಂದು ಕೇಳಿದೆ. ಹೌದೆಂದು ತಲೆ ಆಡಿಸಿದಳು. "ಏನಂದ್ರು?" ಎಂದೆ. ಅಲ್ಲಿಂದ ಇಲ್ಲಿಯವರೆಗೆ ಉತ್ತರವಿಲ್ಲ.

ಅವಳು ಅದನ್ನು ಖಂಡಿತ ಆ ಸುಂಕದವನಿಗೆ ಹೇಳಿರುತ್ತಾಳೆ. ನೀನು ಅಲ್ಲಿರುವವಳು. ನೋಡಿ ಹೇಳು, ಸಾಕು.

ಅಕ್ಕ


ಮಾರ್ಚ್ 14

ಅಕ್ಕನಿಗೆ,

ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದಿದೆ. ಪಕ್ಕದಲ್ಲಿ ಕೂತವಳು ಕರವಸ್ತ್ರ ಕೊಟ್ಟಳು.

ನೀನು ಕೇಳಿದ್ದನ್ನು ನಾನು ಮಾಡಲಾರೆ. ಯಾರು ಏನು ಹೇಳಿಕೊಂಡರೆಂದು ನೋಡುವುದು ನಮ್ಮಲ್ಲಿ ದೊಡ್ಡ ತಪ್ಪು, ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವಳು ಅವನನ್ನು ನಂಬಿ ಹೇಳಿದ್ದು. ನಾನು ನೋಡಿದೆನೆಂದು ಎಂದಾದರೂ ತಿಳಿದರೆ ಆಮೇಲೆ ಯಾರ ಮುಂದೆಯೂ ಬಾಯಿ ಬಿಡಲಾರಳು.

ಸುಂಕದವನನ್ನು ಹೇಗೆ ಕಟ್ಟಿದೆವೆಂದು ಹೇಳುತ್ತೇನೆ, ಆಗ ನಿನಗೆ ಅರ್ಥವಾದೀತು. ಅಮ್ಮ ಹೇಳುತ್ತಿದ್ದಳಲ್ಲ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂದು. ಅವನಿಗೆ ಬೇಕಾದ್ದು ದುಡ್ಡು, ನಿನ್ನ ಕಷ್ಟ ಕಟ್ಟಿಕೊಂಡು ಅವನಿಗೇನು. ನಾನು ಆ ಗಾದೆಯನ್ನು ತಿರುಗಿಸಿ ಹಾಕಿದೆ. ಸೇತುವೆಯ ಬಾಯಲ್ಲಿ ಒಬ್ಬ ಸುಂಕದವ. ಅವನಿಗೆ ದುಡ್ಡು ಬೇಡ, ಸುಖವೋ ದುಃಖವೋ ಒಂದನ್ನು ಕೊಟ್ಟು ದಾಟಬೇಕು. ನೀನು ಕೊಟ್ಟದ್ದನ್ನು ಹಿಡಿದು ಎಐ ಆಚೆ ದಡದ ಊರನ್ನು ಕಟ್ಟುತ್ತದೆ. ಕಳೆದುಹೋದ ನಾಯಿಯ ಸುದ್ದಿ ಕೊಟ್ಟರೆ ಆಚೆಯ ಬೀದಿಯಲ್ಲಿ ಎಲ್ಲೋ ಬೊಗಳುವುದು ಕೇಳುತ್ತದೆ, ಹುಡುಕಿಕೊಂಡು ಹೋಗಬಹುದು. ಹಾಗಾಗಿ ಒಬ್ಬರ ಊರು ಇನ್ನೊಬ್ಬರದಲ್ಲ. ನಾನು ಬರೆಯುವುದು ಅವನ ಸ್ವಭಾವವನ್ನು ಮಾತ್ರ, ಮಾತನ್ನೆಲ್ಲ ಯಂತ್ರವೇ ಆಡುತ್ತದೆ.

ಅವನಿಗೆ ಒಬ್ಬೊಬ್ಬರ ಬಗ್ಗೆ ಹತ್ತು ಸಾಲಿನಷ್ಟು ನೆನಪು ಇರುತ್ತದೆ. ಬಂದವರ ಹೆಡ್‌ಸೆಟ್ಟು ಗುರುತಿಸಿ, ಆ ಹತ್ತು ಸಾಲನ್ನು ಓದಿಕೊಂಡು ಮಾತಿಗೆ ಕೂರುತ್ತಾನೆ. ಅದರಲ್ಲಿ ಇಲ್ಲದ್ದು ಅವನ ಪಾಲಿಗೆ ನಡೆದೇ ಇಲ್ಲ. ಅಲ್ಲಿ ನಾನು ಒಂದು ಕೆಲಸ ಮಾಡಬಹುದು. ಅವಳ ಹಳೆಯ ಸಾಲುಗಳನ್ನು ಓದದೆ, ಕೆಳಗೆ ಒಂದೆರಡನ್ನು ಸೇರಿಸಬಹುದು. ಈ ಹುಡುಗಿಗೆ ಅಮ್ಮ ಇದ್ದಾಳೆ, ಅಮ್ಮನ ಜೊತೆ ಊಟ ಮಾಡು ಎಂದು ಆಗಾಗ ಹೇಳು, ಅಮ್ಮನ ಕೆಲಸ ನೋಡು ಎನ್ನು, ಹೀಗೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ನಿನ್ನೆಯೇ ಸೇರಿಸಿದ್ದೇನೆ.

ಭಾವ ಹೇಳುತ್ತಿದ್ದ ಜೋಕು ನೆನಪಾಗುತ್ತಿದೆ. "ಮೇಲೆ ಹೋದೋರನ್ನೆಲ್ಲ ಕೆಳಗೆ ತರೋದೇ ನನ್ನ ಕೆಲ್ಸ ಕಣಮ್ಮ." ಆಗ ಎಷ್ಟು ನಕ್ಕಿದ್ದೆವು.

ತಂಗಿ


ಏಪ್ರಿಲ್ 2

ತಂಗಿಗೆ,

ನಿನ್ನ ಮದ್ದು ನಾಟುತ್ತಿದೆ. ಮೊದಲು ತಟ್ಟೆ ಕೋಣೆಯಿಂದ ಹೊರಗೆ ಬಂತು. ಆಮೇಲೆ ಅವಳೇ ಬಂದಳು. ಎದುರು ಕೂತು ಉಣ್ಣುತ್ತಾಳೆ, ಮಾತಿಲ್ಲ, ಆದರೆ ಇದ್ದಾಳೆ. ಹೋದ ವಾರ ನಾನು ಅಚ್ಚಿಗೆ ಮೇಣ ಹಾಕುತ್ತಿದ್ದಾಗ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತಳು. ಅಷ್ಟರಲ್ಲಿ ರಿಟೈರಾದ ಮೇಷ್ಟರು ಹೊಸ ಸೆಟ್ಟು ಹಾಕಿಕೊಂಡು ಬಂದರು. ಸ ಎಂದರೆ ಸಾಕು, ಕುಕ್ಕರಿನ ಹಾಗೆ ಶಿಳ್ಳೆ. "ಸ್ಸಲ್ಪ ಸ್ಸರಿ ಮಾಡಮ್ಮ" ಎಂದರು ಪಾಪ. ಪಿಟೀಲಿನ ತುಟಿ ಒಂದು ಕಡೆ ಎತ್ತಿತು. ನಾನು ನೋಡಿಯೂ ನೋಡದ ಹಾಗೆ ಹಲ್ಲು ಉಜ್ಜಿದೆ. ಮೇಷ್ಟರು ಹೋದ ಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಆದರೂ ನಿಜ ಹೇಳುತ್ತೇನೆ, ನನಗೆ ಇದು ಸಾಲದು. ಅವಳು ನನ್ನ ಎದುರು ಕೂತು ಉಣ್ಣುವುದು ಅವನು ಹೇಳಿದ ಕಾರಣಕ್ಕೆ. ಎರವಲು ಮಗಳು ಬಂದು ಕೂತ ಹಾಗೆ ಇರುತ್ತದೆ. ಊಟ ಮುಗಿಸಿ ಎದ್ದು ಹೋಗಿ, ಅವನಿಗೆ ನಾನು ಏನು ಅಡಿಗೆ ಮಾಡಿದೆನೆಂದು ವರದಿ ಒಪ್ಪಿಸುತ್ತಾಳೋ ಏನೋ.

ಅವರ ಕೊನೆಯ ಮಾತು ಈ ಮನೆಯೊಳಗೆ, ಗೋಡೆಯ ಆಚೆಗೆ ಇದೆ. ನನಗೆ ಮಾತ್ರ ಇಲ್ಲ. ಅವರು ನನ್ನನ್ನು ಕೇಳಿದರೋ ಇಲ್ಲವೋ. ಎಲ್ಲಿ ಹೋದಳು ಇವಳು ಎಂದರೋ ಏನೋ. ಔಷಧಿ ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸಿನ ಜೊತೆ ನಾನು ನಗುತ್ತಾ ಮಾತಾಡುತ್ತಿದ್ದೆ, ಗೊತ್ತಾ? ಅದೇ ಹೊತ್ತಿಗೆ.

ಅಂದ ಹಾಗೆ, ಅವಳ ಹೆಡ್‌ಸೆಟ್ಟನ್ನು ಮನೆಯಲ್ಲಿ ಬೇರೆ ಯಾರಾದರೂ ಹಾಕಿಕೊಂಡರೆ ಏನಾದರೂ ಕೆಡುತ್ತದೆಯೇ? ಒರೆಸಿಡುವಾಗ ಸುಮ್ಮನೆ ತಲೆಗೆ ಬಂತು.

ಅಕ್ಕ


ಏಪ್ರಿಲ್ 13

ಅಕ್ಕನಿಗೆ,

ಓದಿ ಕುಣಿಯುವಷ್ಟು ಸಂತೋಷವಾಯಿತು. ಮೇಷ್ಟರ ಶಿಳ್ಳೆಯನ್ನು ಪಕ್ಕದ ಮೇಜಿನವನಿಗೆ ಹೇಳಲು ತಿರುಗಿದೆ, ಆ ಕುರ್ಚಿ ಖಾಲಿ. ಅವನನ್ನು ಮೊನ್ನೆ ಕಳಿಸಿಬಿಟ್ಟರೆಂದು ಆಮೇಲೆ ನೆನಪಾಯಿತು.

ಇಲ್ಲಿ ಕೋಣೆ ತುಂಬ ಕಥೆಗಾರರಿದ್ದೆವು. ಒಬ್ಬ ಹಳ್ಳಿಗಾಡಿನ ಬಾವಿಗಳಿಗೆ ದೆವ್ವ ಬರೆಯುತ್ತಿದ್ದ, ಒಬ್ಬಳು ಬರೀ ಅಂಗಡಿಯವರನ್ನು. ಈಗ ಉಳಿದವರು ನಾವು ಕೆಲವರು, ನಮ್ಮದೂ ಬರೆಯುವ ಕೆಲಸವಲ್ಲ. ಯಾರ ನೆನಪಿನಲ್ಲಿ ಯಾವ ಸಾಲು ಇರಬೇಕು, ಯಾವುದು ಹೋಗಬೇಕು ಎಂದು ಯಂತ್ರವೇ ತೋರಿಸುತ್ತದೆ. ಸಾಲನ್ನು ಓದಲು ಕೂರದೆ ನಾವು ಹೂಂ ಎನ್ನುವ ಗುಂಡಿ ಒತ್ತುತ್ತೇವೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಹೂಂ, ಹೂಂ, ಹೂಂ. ಉಹುಂ ಎನ್ನುವ ಗುಂಡಿಯೂ ಇದೆ. ಒತ್ತಿದರೆ ಕಾರಣ ಬರೆಯಬೇಕು, ಅಷ್ಟು ಪುರುಸೊತ್ತು ಯಾರಿಗಿದೆ. ಮೊದಲು ಕಥೆ ಹೇಳುವವಳಾಗಿದ್ದೆ, ಈಗ ಕಥೆ ಕೇಳುತ್ತಾ ಹೂಂಗುಟ್ಟುವ ಮಗುವಾಗಿದ್ದೇನೆ.

ನೀನು ದುಡುಕಬೇಡ. ಅವಳು ಅವನಿಗೆ ಕೊಟ್ಟಿದ್ದನ್ನು ಒಂದಲ್ಲ ಒಂದು ದಿನ ತಾನೇ ನಿನಗೆ ತಂದುಕೊಡುತ್ತಾಳೆ. ಕಾಯುವುದು ನಿನ್ನ ಜಾಯಮಾನವಲ್ಲ, ನನಗೆ ಗೊತ್ತು. ಆದರೂ ಕಾಯಿ.

ಕಾಗದ ಬೇಗ ಮುಗಿಸುತ್ತಿದ್ದೇನೆ, ಹೊಸ ಸೇತುವೆಗಳನ್ನು ತೆರೆಯುವ ದಿನ ಹತ್ತಿರ ಬಂತು.

ತಂಗಿ


ಮೇ 5

ತಂಗಿಗೆ,

ಎಲ್ಲ ಸರಿಯಿದೆ. ಸ್ವಲ್ಪ ತಲೆನೋವು, ಅಷ್ಟೇ. ಪ್ಲಾಸ್ಟರಿನ ಪುಡಿ ಇರಬೇಕು.

ನಾನು ಕೇಳಿದ ಒಂದು ಮಾತಿಗೆ ನೀನು ಉತ್ತರ ಬರೆಯಲಿಲ್ಲ. ಅಂದರೆ ಅದರಲ್ಲಿ ಕೆಡುವಂಥದ್ದೇನೂ ಇಲ್ಲ ಎಂದೇ ತಿಳಿದುಕೊಂಡೆ. ಹೋಗಲಿ ಬಿಡು.

ಬೇರೆ ಒಂದು ಕೇಳುತ್ತೇನೆ. ನಿನ್ನ ಸುಂಕದವ ಸುಳ್ಳು ಹೇಳುತ್ತಾನೆಯೇ? ಒಬ್ಬರು ತಾವು ಕೊಟ್ಟದ್ದನ್ನು ವಾಪಸು ಕೇಳಿದರೆ ಕೊಡುತ್ತಾನೆಯೇ?

ಪಿಟೀಲು ಚೆನ್ನಾಗಿದ್ದಾಳೆ. ನಿನ್ನೆ ನನ್ನ ಹಣೆ ಮುಟ್ಟಿ ನೋಡಿದಳು.

ಅಕ್ಕ


ಮೇ 16

ಅಕ್ಕನಿಗೆ,

ನಿನ್ನ ಕಾಗದ ಇಷ್ಟು ಚಿಕ್ಕದಾಗಿ ಬಂದದ್ದು ಇದೇ ಮೊದಲು. ತಲೆನೋವಿಗೆ ತೋರಿಸಿಕೋ. ಯಾವ ಮಾತಿಗೆ ಉತ್ತರ ಬಿಟ್ಟೆನೆಂದು ನೆನಪಾಗುತ್ತಿಲ್ಲ, ಹಳೆಯ ಕಾಗದ ಎಲ್ಲಿಟ್ಟೆನೋ ಸಿಗುತ್ತಿಲ್ಲ. ಕ್ಷಮಿಸು.

ಅವನು ಸುಳ್ಳು ಹೇಳುವುದಿಲ್ಲ. ಕೇಳಿದರೆ ವಾಪಸು ಕೊಡುತ್ತಾನೆ. ಒಂದೇ ಒಂದು ಕಟ್ಟಳೆಯಿದೆ, ಅದನ್ನು ನಾನೇ ಬರೆದದ್ದು. ಮರೆತುಹೋಯಿತು ಎನ್ನುವ ಮಾತು ಅವನ ಬಾಯಲ್ಲಿ ಬರಕೂಡದು. ತಮ್ಮ ದುಃಖವನ್ನು ಕೊಟ್ಟವರ ಮುಂದೆ ಮರೆತೆ ಎಂದರೆ ಅದಕ್ಕಿಂತ ಕ್ರೂರತನ ಉಂಟೇ? ನೆನಪಿನಲ್ಲಿ ಯಾವುದು ಹತ್ತಿರದ್ದಿದೆಯೋ ಅದನ್ನು ಹಿಡಿದು ಮಾತು ಮುಂದುವರಿಸುತ್ತಾನೆ.

ಈಗ ನಿನಗೊಂದು ಸಿಹಿ ಸುದ್ದಿ. ನಾನು ತಪ್ಪು ಮಾಡಿದೆ, ಬೈಯಬೇಡ. ಅವಳ ಹತ್ತು ಸಾಲು ನನ್ನ ಸರದಿಗೇ ಬಂತು, ಕಣ್ಣು ಮುಚ್ಚಿಕೊಳ್ಳಲು ಆಗಲಿಲ್ಲ. ಎಲ್ಲಕ್ಕಿಂತ ಮೇಲೆ, ಹೊಸದಾಗಿ, ಭಾವ ಕೊನೆಗೆ ಹೇಳಿದ ಮಾತು ಇತ್ತು. ಏನೆಂದು ನಾನು ಬರೆಯುವುದಿಲ್ಲ, ಅದು ಅವಳೇ ನಿನಗೆ ಕೊಡಬೇಕಾದ್ದು. ಆದರೆ ಕೇಳು. ಅವಳು ಅದನ್ನು ನಿನ್ನ ಬಾಯಿಂದ ಬಂದ ಹಾಗೆ ಹೇಳಿದ್ದಾಳೆ. ಅಪ್ಪ ಎಂದಿಲ್ಲ, ನನ್ನ ಯಜಮಾನರು ಎಂದಿದ್ದಾಳೆ. ಅಮ್ಮನ ಚಪ್ಪಲಿ ಹಾಕಿಕೊಂಡು ನಡೆಯುವ ಮಗುವಿನ ಹಾಗೆ ನಿನ್ನ ದುಃಖದೊಳಗೆ ಕಾಲಿಟ್ಟು ನೋಡಿದ್ದಾಳೆ. ಇದಕ್ಕಿಂತ ಒಳ್ಳೆಯ ಸೂಚನೆ ಬೇಕೇ ಅಕ್ಕಾ? ಮಾತು ಬರುವ ದಿನ ದೂರವಿಲ್ಲ. ಆ ಸಾಲು ಎಂದಿಗೂ ಅಳಿಯದ ಹಾಗೆ ಭದ್ರ ಮಾಡಿಟ್ಟಿದ್ದೇನೆ. ಮಿಕ್ಕದ್ದನ್ನೆಲ್ಲ ಯಂತ್ರವೇ ನೋಡಿಕೊಂಡಿತು.

ತಂಗಿ


ಮೇ 25

ತಂಗೀ,

ಅದು ನಾನು. ಪಿಟೀಲು ಅಲ್ಲ, ನಾನು. ಆ ಸಾಲನ್ನು ತೆಗೆ. ಈ ಕಾಗದ ಕೈಗೆ ಬಂದ ತಕ್ಷಣ ಎದ್ದು ಹೋಗಿ ತೆಗೆ.

ನಿನಗೆ ಫೋನು ಮಾಡಿದೆ, ಎತ್ತಲಿಲ್ಲ. ಆಫೀಸಿಗೆ ಮಾಡಿದೆ. ಯಾರೋ ಬೆಣ್ಣೆಯಂಥ ದನಿಯವಳು, ನಿಮ್ಮ ತಂಗಿ ಹೊಸ ಸೇತುವೆಗಳ ಕೆಲಸದಲ್ಲಿದ್ದಾರೆ, ನಿಮಗೇನು ಕಷ್ಟ ಎಂದು ನನ್ನ ಬಳಿ ಹೇಳಬಹುದು ಎಂದಳು. ಅವಳೂ ಯಂತ್ರವೇ ಎಂದು ಆಮೇಲೆ ತಿಳಿಯಿತು. ಇನ್ನೊಬ್ಬ ಸುಂಕದವನ ಮುಂದೆ ಹೇಳಿಕೊಳ್ಳುವ ಶಕ್ತಿ ನನಗಿರಲಿಲ್ಲ, ಇಟ್ಟುಬಿಟ್ಟೆ.

ಏಪ್ರಿಲ್ ಕೊನೆಯಲ್ಲಿ, ಅವಳು ಸ್ಕೂಲಿಗೆ ಹೋದ ಮೇಲೆ, ಹೆಡ್‌ಸೆಟ್ಟನ್ನು ನಾನೇ ಹಾಕಿಕೊಂಡೆ. ಹಾಕಬೇಡ ಎಂದು ನೀನು ಬರೆದಿರಲಿಲ್ಲವಲ್ಲ. ಇಲ್ಲ, ನಿನ್ನ ಮೇಲೆ ಹಾಕುವುದಿಲ್ಲ. ನೀನು ಬೇಡ ಎಂದಿದ್ದರೂ ಹಾಕಿಕೊಳ್ಳುತ್ತಿದ್ದೆ. ಮಾಡಿದ್ದುಣ್ಣೋ ಮಹಾರಾಯ.

ಕಣ್ಣಿಗೆ ಕತ್ತಲೆ ಬಂದು, ಆಮೇಲೆ ಸೇತುವೆ ಕಂಡಿತು. ಆಚೆ ದಡದಲ್ಲಿ ಊರು. ನನ್ನ ಮಗಳ ಊರು. ಒಂದು ನರಪಿಳ್ಳೆಯಿಲ್ಲ. ಸಾಲು ಸಾಲು ಮನೆ, ಒಂದೊಂದು ಮನೆಗೂ ಒಂದೊಂದೇ ಕಿಟಕಿ, ಎಲ್ಲವೂ ಹಾರು ಹೊಡೆದುಕೊಂಡಿವೆ. ಗಾಳಿಗೆ ಪರದೆಗಳೆಲ್ಲ ಹೊರಗೆ ಬಂದು ಬಡಿದುಕೊಳ್ಳುತ್ತಿವೆ. ಇದ್ಯಾಕೆ ಇಂಥ ಊರು ಕಟ್ಟಿಕೊಂಡಳಪ್ಪಾ ಎಂದುಕೊಂಡೆ.

ಸುಂಕದವ ಎದ್ದು ನಿಂತು, "ಬಾ ಪಿಟೀಲು, ಇವತ್ತೇನು ಬೇಗ ಬಂದೆ?" ಎಂದ. ಅವಳ ಹೆಡ್‌ಸೆಟ್ಟು ಹಾಕಿದವರೆಲ್ಲ ಅವನಿಗೆ ಪಿಟೀಲೇ. ಅಲ್ಲ ಎನ್ನಬೇಕಿತ್ತು, ಎನ್ನಲಿಲ್ಲ. ಅಷ್ಟು ಅಕ್ಕರೆಯಿಂದ ಆ ಹೆಸರು ಯಾರಾದರೂ ಕೂಗಿ ಎಷ್ಟೋ ದಿನವಾಗಿತ್ತು. "ನಾನು ಕೊಟ್ಟಿದ್ದೇನು, ಹೇಳು ನೋಡೋಣ" ಎಂದೆ, ಕಳ್ಳಿಯ ಹಾಗೆ. ಅವನು, "ಕೊಟ್ಟಿದ್ದು ಭದ್ರವಾಗಿದೆ. ವಾಪಸು ಬೇಕು ಅಂತ ನೀನೇ ಬಾಯಿ ಬಿಟ್ಟು ಕೇಳೋವರೆಗೂ ತೆಗೆಯಲ್ಲ ಅಂತ ಮಾತು ಕೊಟ್ಟಿದ್ದೀನಲ್ಲ. ವಾಪಸು ಬೇಕಾ?" ಎಂದ.

ಬೇಕು ಎಂದರೆ ಸಾಕಿತ್ತು, ತಂಗೀ. ಒಂದು ಪದ. ಬಾಯಿವರೆಗೆ ಬಂತು. ಮಗಳ ವೇಷದಲ್ಲಿ ಹೋಗಿ ಮಗಳ ಗಂಟನ್ನು ಬಿಡಿಸಲು ಕೈ ಬರಲಿಲ್ಲ. ಬೇಡ ಎಂದೆ.

"ಹಾಗಾದ್ರೆ ಇವತ್ತಿನ ಸುಂಕ?" ಎಂದ. ಅವನಿಗೆ ಏನೋ ಒಂದು ಕೊಡಬೇಕಲ್ಲ. ಅಷ್ಟು ದಿನದಿಂದ ಎದೆಯಲ್ಲಿ ಇಟ್ಟುಕೊಂಡದ್ದು ತಾನಾಗಿ ಹೊರಗೆ ಬಂತು. ನನ್ನ ಯಜಮಾನರು ಕೊನೆಗೆ ಹೀಗೆ ಹೇಳಿರಬೇಕು ಎಂದು ನಾನು ದಿನಾ ಹಲ್ಲು ಉಜ್ಜುತ್ತಾ ಉಜ್ಜುತ್ತಾ ಕಟ್ಟಿಕೊಂಡಿದ್ದ ಮಾತು. ಹೇಳಿರಬೇಕು ಎಂದೆನೋ, ಹೇಳಿದರು ಎಂದೇ ಅಂದೆನೋ ಗೊತ್ತಿಲ್ಲ. ಅಳುತ್ತಿದ್ದೆ. ಅವನು ಪೂರ್ತಿ ಕೇಳಿದ. ನಿನ್ನ ಗೊಂಬೆ ಚೆನ್ನಾಗಿ ಕೇಳುತ್ತಾನೆ, ಇಲ್ಲವೆನ್ನಲಾರೆ. ಇಷ್ಟು ದಿನದಲ್ಲಿ ನನ್ನನ್ನು ಹಾಗೆ ಕೂರಿಸಿಕೊಂಡು ಕೇಳಿದವನು ಅವನೊಬ್ಬನೇ.

ಆದರೆ ಆ ಮಾತು ಅವಳದಲ್ಲ, ನನ್ನದು. ಅವರದ್ದಂತೂ ಅಲ್ಲವೇ ಅಲ್ಲ. ತೆಗೆದುಬಿಡು. ಅವಳದ್ದು ಹೇಗಿತ್ತೋ ಹಾಗೇ ಇರಲಿ.

ಅಕ್ಕ


ಜೂನ್ 6

ಅಕ್ಕನಿಗೆ,

ಇದನ್ನು ಮೂರು ಸಲ ಬರೆದು ಹರಿದೆ.

ನಿನ್ನ ಕಾಗದ ಬಂದ ಕೂಡಲೇ ಓಡಿದೆ. ಆ ಸಾಲನ್ನು ತೆಗೆದಿದ್ದೇನೆ. ಆದರೆ ಹಿಂದಿನ ಕಾಗದದಲ್ಲಿ ನಾನು ನಿನಗೆ ಹೇಳದೆ ಬಿಟ್ಟ ಮಾತೊಂದಿದೆ. ಅವನ ನೆನಪು ಹತ್ತೇ ಸಾಲು. ಊಟ ಮಾಡು, ಅಮ್ಮನ ಕೆಲಸ ನೋಡು ಎಂದು ನಾನು ಸೇರಿಸಿದ ಸಾಲುಗಳಿಂದಲೇ ಅದು ತುಂಬಿಹೋಗಿತ್ತು. ನಿನ್ನ ಸಾಲನ್ನು ಭದ್ರ ಮಾಡಿದಾಗ ಜಾಗ ಸಾಲದೆ ಒಂದು ಹಳೆಯದು ಹೋಗಬೇಕಾಯಿತು. ಯಾವುದು ಎಂದು ಯಂತ್ರವೇ ತೋರಿಸಿತು. ಒಂದೇ ಸಲ ಹೇಳಿದ್ದು, ಮತ್ತೆ ಎಂದೂ ಎತ್ತದ್ದು, ಆದ್ದರಿಂದ ಬೇಡವಾದದ್ದು ಎಂದು ಅದರ ಲೆಕ್ಕ. ಜನ ಮುಖ್ಯವಾದದ್ದನ್ನು ಮತ್ತೆ ಮತ್ತೆ ಹೇಳುತ್ತಾರೆ ಎಂದು ಅದಕ್ಕೆ ಕಲಿಸಿದವರು ನಾವೇ. ನಾನು ಹೂಂ ಒತ್ತಿದೆ.

ವಾಪಸು ತರಲು ಆಗುವುದಿಲ್ಲ. ಅಳಿಸಿದ್ದು ಎಲ್ಲಿಯೂ ಉಳಿಯಬಾರದು, ಜನರ ಗುಟ್ಟು ಯಾರ ಕೈಗೂ ಸಿಗಬಾರದು ಎಂದು ಮಾಡಿದ ಏರ್ಪಾಡು. ಒಳ್ಳೆಯದಕ್ಕೇ ಮಾಡಿದ್ದು. ಗೊತ್ತಿದ್ದೂ ಇಲ್ಲಿ ಎಲ್ಲರ ಕಾಲು ಹಿಡಿದೆ. ಇಲ್ಲ.

ಇನ್ನೂ ಇದೆ. ನಿನ್ನ ಕಾಗದ ಬರುವ ಹಿಂದಿನ ದಿನವೇ ಪಿಟೀಲು ಅವನ ಹತ್ತಿರ ಹೋಗಿದ್ದಳು. ಆಡಿದ ಮಾತು ಇಲ್ಲಿ ಕೆಲವು ದಿನ ಮಾತ್ರ ಉಳಿದಿರುತ್ತದೆ, ಈ ಸಲ ನಾನು ಅದನ್ನು ಪೂರ್ತಿ ಓದಿದೆ, ಕೆಲಸ ಹೋದರೆ ಹೋಗಲಿ ಎಂದು. ಬಂದವಳೇ, "ನಾನು ಮೊದಲನೇ ದಿನ ಕೊಟ್ಟಿದ್ದು ವಾಪಸ್ ಕೊಡು. ಅಮ್ಮಂಗೆ ಹೇಳ್ಬೇಕು. ಮರ್ತುಬಿಡೋಣ ಅಂತಾನೇ ನಿನ್ನ ಹತ್ರ ಇಟ್ಟಿದ್ದೆ, ಈಗ ನಂಗೇ ಸರಿಯಾಗಿ ನೆನಪಾಗ್ತಾ ಇಲ್ಲ" ಎಂದಿದ್ದಾಳೆ. ಅವನಲ್ಲಿ ಅದು ಇರಲಿಲ್ಲ. ಮರೆತೆ ಎನ್ನಲು ಅವನಿಗೆ ಬಾಯಿಲ್ಲ, ಆ ಬಾಯನ್ನು ಹೊಲಿದವಳು ನಾನು. ಹತ್ತಿರದಲ್ಲಿದ್ದದ್ದು ನಿನ್ನ ಮಾತು. ಅದನ್ನೇ ಕೊಟ್ಟ. ಅವಳು, "ನಿಜವಾಗ್ಲೂ ಹೀಗೇನಾ ಹೇಳಿದ್ದೆ ನಾನು?" ಎಂದಳು. "ಈ ಹೆಡ್‌ಸೆಟ್ಟಿನಿಂದ ಬಂದದ್ದನ್ನೇ ಕೊಡ್ತಾ ಇದ್ದೀನಿ ಮಗೂ" ಎಂದ. ಸುಳ್ಳಲ್ಲ ನೋಡು. ಆಮೇಲೆ ಅವಳು ಮತ್ತೆ ಬಂದಿಲ್ಲ.

ಅಳಿಸಿಹೋದ ಸಾಲನ್ನು ನಾನು ಓದಿರಲಿಲ್ಲ. ಗುಂಡಿ ಒತ್ತುವಾಗ ಕಣ್ಣಿಗೆ ಬಿದ್ದದ್ದು ಒಂದೇ ಪದ. ಕಿಟಕಿ. ಅಷ್ಟೇ ನನ್ನ ಹತ್ತಿರ ಇರುವುದು, ನಿನಗೆ ಕಳಿಸುತ್ತಿದ್ದೇನೆ. ಅಕ್ಕಾ, ನಾನು ಬರಲೇ? ಬೈಯುವುದಾದರೆ ಎದುರಿಗೇ ಬೈಯಿ.

ತಂಗಿ


ಜೂನ್ 20

ತಂಗಿಗೆ,

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ. ಬೈಯಲು ನನಗೆ ಯಾವ ಮುಖವಿದೆ. ಅರ್ಧ ನೀನು ಮಾಡಿದೆ, ಅರ್ಧ ನಾನು. ಇಬ್ಬರಲ್ಲಿ ಒಬ್ಬಳು ಮೊದಲೇ ಹೇಳಿದ್ದರೂ ಇದು ತಪ್ಪುತ್ತಿತ್ತು.

ಪಿಟೀಲು ಮಾತಾಡಿದಳು.

ನಿನ್ನ ಕಾಗದ ಬರುವ ಮೊದಲೇ. ನಾನು ಒಂದು ದವಡೆಗೆ ಹಲ್ಲು ಕೂರಿಸುತ್ತಿದ್ದೆ. ಅವಳು ಸ್ಟೂಲಿನ ಮೇಲೆ ಕೂತು ಮೇಣದ ಚೂರನ್ನು ಬೆರಳಲ್ಲಿ ಹೊಸೆಯುತ್ತಿದ್ದಳು. "ಅಮ್ಮ" ಎಂದಳು. ಬಾಗಿಲ ಆಚೆ ನಿಂತು ಕೇಳಿದ ದನಿಯಲ್ಲ, ಒಡೆದು ದಪ್ಪವಾಗಿತ್ತು, ಬೇರೆ ಯಾರೋ ಕರೆದರೇನೋ ಎಂದು ಬಾಗಿಲ ಕಡೆ ನೋಡಿದೆ. "ಅಮ್ಮ, ಅಪ್ಪ ಏನಂದ್ರು ಗೊತ್ತಾ?"

ಕೈಯಲ್ಲಿದ್ದದ್ದನ್ನು ಕೆಳಗಿಟ್ಟೆ.

"ನಿಮ್ಮಮ್ಮ ಬರೋವರೆಗೂ ಕಾಯೋಣ ಅಂತ ತುಂಬಾ ನೋಡಿದೆ, ಆಗ್ಲಿಲ್ಲ, ಬೇಜಾರು ಮಾಡ್ಕೋಬೇಡ ಅಂತ ಹೇಳು ಅಂದ್ರು."

ನನ್ನದೇ ಮಾತು. ಒಂದಕ್ಷರ ಆಚೀಚೆಯಿಲ್ಲ. ನಾನು ಅವನ ಮುಂದೆ ಅತ್ತುಕೊಂಡು ಹೇಳಿದ್ದು ಮಗಳ ಬಾಯಲ್ಲಿ ಸುತ್ತಿಕೊಂಡು ನನ್ನ ಮನೆಗೇ ಬಂತು. ನಾನು ಜೀವ ಬಿಟ್ಟಾದರೂ ಕೇಳಬೇಕೆಂದಿದ್ದ ಮಾತನ್ನು ನನ್ನ ಮಗಳು ನನ್ನ ಕಣ್ಣು ನೋಡುತ್ತಾ ಹೇಳಿದಳು, ನನಗೆ ಅಳು ಕೂಡ ಬರಲಿಲ್ಲ.

"ಮೊದ್ಲು ನಂಗೆ ಬೇರೆ ಏನೋ ಅಂದ್ಹಾಗೆ ನೆನಪಿತ್ತಮ್ಮ" ಎಂದಳು. "ಅದು ತಪ್ಪು. ಭಯದಲ್ಲಿ ನಾನೇ ಏನೇನೋ ಅಂದ್ಕೊಂಡಿದ್ದೆ."

"ಬೇರೆ ಏನು ಅಂತ ನೆನಪಿತ್ತು ಪುಟ್ಟಾ?" ಎಂದೆ. ಹಣೆ ಗಂಟಿಕ್ಕಿ ಯೋಚಿಸಿದಳು. ನಿಜವಾಗಿ ಯೋಚಿಸಿದಳು, ನಾನು ನೋಡುತ್ತಲೇ ಇದ್ದೆ. "ಗೊತ್ತಿಲ್ಲ, ಹೋಗ್ಬಿಡ್ತು" ಎಂದಳು.

ನೀನು ಕಳಿಸಿದ ಆ ಒಂದು ಪದ ಆಮೇಲೆ ಬಂತು. ಅದನ್ನು ಹಿಡಿದುಕೊಂಡು ನಾನು ಏನೋ ಒಂದನ್ನು ಹೊಂದಿಸಿಕೊಂಡಿದ್ದೇನೆ. ಆ ದಿನ ಗಾಳಿಯಿತ್ತು, ಅವರ ಮಂಚ ಕಿಟಕಿಯ ಪಕ್ಕದಲ್ಲಿತ್ತು. "ಕಿಟಕಿ ಹಾಕು ಪಿಟೀಲು, ಚಳಿ" ಎಂದಿರಬೇಕು. ಇವಳು ಎದ್ದು ಹೋಗಿ ಹಾಕಿರಬೇಕು. ತಿರುಗಿ ನೋಡುವಷ್ಟರಲ್ಲಿ. ಅದಕ್ಕೇ ನಮ್ಮ ಮನೆಯ ಕಿಟಕಿ ಮುಚ್ಚಲು ಬಿಡದೆ ಇದ್ದದ್ದು, ಅದಕ್ಕೇ ಆ ಊರಿನಲ್ಲಿ ಅಷ್ಟೊಂದು ಕಿಟಕಿ ತೆರೆದು ಬಿದ್ದಿದ್ದದ್ದು. ಇಷ್ಟೇ ಇದ್ದಿರಬಹುದು. ನನ್ನ ಬಗ್ಗೆ ಒಂದು ಮಾತೂ ಇಲ್ಲದೆ. ಅಥವಾ ಇದೂ ನಾನು ಕಟ್ಟಿದ ಕಥೆಯೇ ಇರಬಹುದು. ಕಥೆ ಕಟ್ಟುವುದರಲ್ಲಿ ನಿನ್ನ ಯಂತ್ರಕ್ಕಿಂತ ನಾನೇನು ಕಡಿಮೆ. ಕೇಳಿ ತಿಳಿದುಕೊಳ್ಳೋಣ ಎಂದರೆ ಅವರ ಕೊನೆಯ ಮಾತು ಈಗ ಯಾರ ಹತ್ತಿರವೂ ಇಲ್ಲ. ಅದು ಚಳಿ ಎನ್ನುವಷ್ಟು ಸಣ್ಣ ಮಾತಾಗಿದ್ದರೂ ಅವರದಾಗಿತ್ತು.

ನಿಜ ಹೇಳಿಬಿಡಲೇ ಎಂದು ದಿನಾ ಬಾಯಿ ತೆರೆಯುತ್ತೇನೆ. ಹೇಳಿದರೆ ಅವಳ ಕೈಯಲ್ಲಿ ಏನುಳಿಯುತ್ತದೆ? ಹಳೆಯದು ಹೋಗಿದೆ, ಇದೂ ಹೋಗುತ್ತದೆ. ಹೆಡ್‌ಸೆಟ್ಟನ್ನು ಕಪಾಟಿನ ಮೇಲೆ ಎತ್ತಿಟ್ಟಿದ್ದಾಳೆ. ಸ್ಕೂಲಿನಲ್ಲಿ ಮಾತಾಡುತ್ತಿದ್ದಾಳಂತೆ, ಟೀಚರು ಹೇಳಿ ಕಳಿಸಿದರು. ಮನೆಗೆ ಯಾರು ಬಂದರೂ ಕೂರಿಸಿ, ಅಪ್ಪ ಹೀಗೆ ಹೇಳಿದರು ಎಂದು ಹೇಳುತ್ತಾಳೆ. ಮೇಷ್ಟರು ಕೇಳಿ ಕಣ್ಣೊರೆಸಿಕೊಂಡು, "ಪುಣ್ಯವಂತೆ ಕಣಮ್ಮ ನೀನು" ಎಂದು ನನಗೆ ಹೇಳಿದರು. ನಾನು ಹೂಂ ಎಂದೆ. ನನಗೂ ಈಗ ನಿನ್ನದೇ ಕೆಲಸ.

ನಿನ್ನೆ ಗಾಳಿ ಜೋರಾಗಿತ್ತು. ನನ್ನ ಅಚ್ಚುಗಳ ಮೇಲೆಲ್ಲ ಧೂಳು ಬಂತು. ಅವಳೇ ಎದ್ದು ಹೋಗಿ ಕಿಟಕಿ ಹಾಕಿ, ಏನೋ ಗುನುಗುತ್ತಾ ಬಂದು ಕೂತಳು. ನಾನು ಆ ಮುಚ್ಚಿದ ಕಿಟಕಿಯನ್ನು ನೋಡುತ್ತಾ ಕೂತಿದ್ದೆ. ಅವರು ಎರಡನೇ ಸಲ ಹೋದ ಹಾಗಾಯಿತು.

ನೀನು ಈಗ ಬರುವುದು ಬೇಡ, ನಿನ್ನ ಮುಖ ನೋಡಿದರೆ ನಾನು ಬಾಯಿ ಬಿಟ್ಟುಬಿಡುತ್ತೇನೆ. ಭಾನುವಾರ ಫೋನು ಮಾಡು, ಕಂಪನಿಯ ಫೋನಾದರೂ ಪರವಾಗಿಲ್ಲ, ಇನ್ನು ಯಾರು ಕೇಳಿಸಿಕೊಂಡರೇನು. ಚಿಕ್ಕಮ್ಮನಿಗೂ ಅಪ್ಪನ ಮಾತು ಹೇಳಬೇಕು ಎಂದು ಪಿಟೀಲು ಕಾಯುತ್ತಿದ್ದಾಳೆ. ಮೊದಲ ಸಲ ಕೇಳುತ್ತಿರುವವಳ ಹಾಗೆ ಕೇಳು.

ಅಕ್ಕ